ಎರಡು ರಿಬ್ಬನ್ನಿಗೆ ಕೊಟ್ಟ ಕೂದಲು

ನಮ್ಮ ಮನೆಯಲ್ಲಿ ಉದುರಿದ ಕೂದಲನ್ನು ಎಸೆಯುತ್ತಿರಲಿಲ್ಲ. ತಲೆ ಬಾಚಿದ ಮೇಲೆ ಹಣಿಗೆಯಲ್ಲಿ ಉಳಿದದ್ದನ್ನು ಬಿಡಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿ, ಕಾಳಿನ ಕೋಣೆಯ ಗೋಡೆಯ ಗೂಡಿನಲ್ಲಿಟ್ಟ ಚೀಲಕ್ಕೆ ಹಾಕಬೇಕು. ವರ್ಷಗಟ್ಟಲೆ ಹೀಗೆ ಕೂಡಿದ ಕೂದಲಿನಿಂದ ಚವರಿ ಕಟ್ಟಿಸುತ್ತಿದ್ದರು. ಬೆರಳು ಗಾತ್ರದ ಹೆರಳಿನೊಳಗೆ ಚವರಿ ಸೇರಿಸಿ ಹೆಣೆದರೆ ಅದು ಮುಂಗೈ ಗಾತ್ರವಾಗಿ ಸೊಂಟ ದಾಟುತ್ತಿತ್ತು. ಆ ಕಾಲದ ಸೇಡಂನಲ್ಲಿ ಚವರಿ ಇಲ್ಲದೆ ಹಸೆಗೆ ಕುಳಿತ ಮದುವಣಗಿತ್ತಿಯನ್ನು ನಾನಂತೂ ನೋಡಿಲ್ಲ.

ಗೂಡಿನಲ್ಲಿ ಎರಡು ಚೀಲಗಳಿದ್ದವು. ಬಿಳಿ ಚೀಲ ನನ್ನದು. ಕೆಂಪು ಚೀಲ ಅವ್ವನದು. ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ಫೋಟೋ ತೆಗೆಸುವ ರೂಢಿ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ, ಕೂದಲಷ್ಟೇ ಉಳಿದಿತ್ತು. ಆ ಕೂದಲಿನ ಚವರಿಯನ್ನು ನನ್ನ ಮದುವೆಯ ದಿನ ನನ್ನ ಹೆರಳಿಗೆ ಹೆಣೆಯಬೇಕು, ತಾಯಿ ಇಲ್ಲದ ಹುಡುಗಿಯ ಬೆನ್ನ ಮೇಲೆ ತಾಯಿಯ ಕೂದಲಾದರೂ ಇರಲಿ ಎಂದು ಮನೆಯವರೆಲ್ಲ ಮಾತಾಡಿಕೊಂಡಿದ್ದರು. ಮುತ್ತೈದೆಯಾಗಿ ಸತ್ತವಳ ಕೂದಲು ಶುಭವೆಂದು ದೊಡ್ಡವ್ವ ಬಂದಾಗಲೆಲ್ಲ ಹೇಳುತ್ತಿದ್ದಳು. ಅಪ್ಪನ ಅಣ್ಣನ ಹೆಂಡತಿ ಆಕೆ. ಚಿಂಚೋಳಿಯಲ್ಲಿದ್ದುಕೊಂಡೇ ನಮ್ಮ ಮನೆಯ ಯಜಮಾನಿಕೆ ನಡೆಸುತ್ತಿದ್ದಳು.

ಆ ಕೆಂಪು ಚೀಲದ ಕೂದಲನ್ನು ನಾನು ಹತ್ತು ವರ್ಷದವಳಿದ್ದಾಗ ಎರಡು ರಿಬ್ಬನ್ನಿಗೆ ಕೊಟ್ಟುಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ.

ನನ್ನನ್ನು ಸಾಕಿದವಳು ಅತ್ತೆ, ಅಪ್ಪನ ತಂಗಿ. ಚಿತ್ತಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಶರಣರ ಹಾದಿಯ ಮನೆತನ ನಮ್ಮದು. ನಮ್ಮೊಳಗೆ ಗಂಡ ಸತ್ತವಳ ತಲೆ ಬೋಳಿಸುವುದಿಲ್ಲ. ಇದನ್ನು ನಾವು ಊರವರ ಮುಂದೆ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದೆವು. ಆದರೆ ಅತ್ತೆ ಹೂ ಮುಡಿಯುವಂತಿರಲಿಲ್ಲ, ಹೆರಳು ಇಳಿಬಿಡುವಂತಿರಲಿಲ್ಲ, ಯಾರದೇ ಮದುವೆಯಲ್ಲಿ ಮದುವಣಗಿತ್ತಿಯ ತಲೆ ಮುಟ್ಟುವಂತಿರಲಿಲ್ಲ. ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಸೆರಗು ಹೊದ್ದು ಓಡಾಡುತ್ತಿದ್ದಳು. ಕೂದಲು ಇಟ್ಟುಕೊಳ್ಳಲು ಬಿಟ್ಟಿದ್ದೆವು, ಅದನ್ನು ಯಾರಿಗೂ ತೋರಿಸಬಾರದಷ್ಟೆ. ಇದರಲ್ಲಿ ಎದೆ ಉಬ್ಬಿಸುವಂಥದ್ದೇನಿತ್ತೋ ನನಗೆ ಈಗ ತಿಳಿಯುವುದಿಲ್ಲ.

ಸೋಮವಾರ ಮಾತ್ರ ಹಿತ್ತಲಲ್ಲಿ ಎರೆಮಣ್ಣು ಹಚ್ಚಿ ತಲೆ ತೊಳೆದುಕೊಂಡು, ಶಹಾಬಾದ ಕಲ್ಲಿನ ಹಾಸಿನ ಮೇಲೆ ಬಿಸಿಲಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಆಗ ಅವಳ ಕೂದಲು ಕಲ್ಲಿಗೆ ತಾಗಿ, ಅಲ್ಲಿಂದ ಆಚೆಗೆ ಗೇಣುದ್ದ ಚೆಲ್ಲುತ್ತಿತ್ತು. ಕರ್ರಗೆ, ನೆಟ್ಟಗೆ. ತಲೆನೋವಿನವಳಾದ್ದರಿಂದ ಮೆಂತ್ಯ ಹಾಕಿ ಕುದಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಆ ವಾಸನೆ ಇದ್ದದ್ದು ಅವಳೊಬ್ಬಳ ತಲೆಗೆ. ದಿನಾ ಬೆಳಿಗ್ಗೆ ಅದೇ ಕಲ್ಲಿನ ಮೇಲೆ ನನ್ನನ್ನು ಮೊಣಕಾಲುಗಳ ನಡುವೆ ಕೂಡ್ರಿಸಿಕೊಂಡು ತಲೆ ಹಿಕ್ಕುತ್ತಿದ್ದಳು. ನಾನು ಅಲುಗಾಡಿದರೆ ಹಣಿಗೆಯಿಂದ ನೆತ್ತಿಗೆ ಒಂದು ಏಟು, ಮೆಲ್ಲಗೆ.

ಹೈದರಾಬಾದ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ಮಾತು ಇದು. ಆ ದಿನಗಳಲ್ಲಿ ಎಲ್ಲರ ಕಣ್ಣೂ ಎಲ್ಲರ ತಲೆಯ ಮೇಲೆಯೇ. ಅಪ್ಪ ತಹಸೀಲ ಕಚೇರಿಯಲ್ಲಿ ಕಾರಕೂನ. ಅಲ್ಲಿಯವರೆಗೆ ಕುಚ್ಚಿನ ರೂಮಿ ಟೋಪಿ ಹಾಕಿಕೊಂಡೇ ಕಚೇರಿಗೆ ಹೋದವನು, ಒಂದು ದಿನ ಅದನ್ನು ಗೂಟಕ್ಕೆ ಸಿಗಿಸಿ ಬರಿತಲೆಯಲ್ಲಿ ಹೊರಟ. ಆಮೇಲೆ ವಾಡಿ ಸ್ಟೇಷನ್ನಿನ ಹತ್ತಿರದ ಸಲೂನಿನಲ್ಲಿ ಕ್ರಾಪು ಬಿಡಿಸಿಕೊಂಡು ಬಂದು, ಎಡಕ್ಕೆ ಬೈತಲೆ ತೆಗೆದು ನೀರು ಹಚ್ಚಿ ಒತ್ತಿಕೊಳ್ಳಲು ಕಲಿತ. ಪಕ್ಕದ ಮನೆಯ ದರ್ಜಿ ಸಾಹೇಬರು ಅದೇ ವರ್ಷ ಗಡ್ಡ ತೆಗೆಸಿದರು. ಯಾಕೆ ತೆಗೆಸಿದರೆಂದು ದೊಡ್ಡವರಿಗೆಲ್ಲ ಗೊತ್ತಿತ್ತು, ಯಾರೂ ಆಡಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ಬಿಟ್ಟಾಗ ಅದು ಅರ್ಧ ಬೆಳ್ಳಗಾಗಿತ್ತು. ಊರವರಿಗೆ ಚವರಿ ಕಟ್ಟಿಕೊಡುತ್ತಿದ್ದ ಅವರ ಹೆಂಡತಿಯನ್ನು ನಾವು ಖಾಲಾ ಎನ್ನುತ್ತಿದ್ದೆವು. ಅತ್ತೆಗೆ ಊರಲ್ಲಿ ಗೆಳತಿ ಎಂದು ಇದ್ದವಳು ಅವಳೊಬ್ಬಳೇ.

ಹೊಸದಾಗಿ ತೆರೆದ ಕನ್ನಡ ಸಾಲೆಗೆ ಧಾರವಾಡದ ಕಡೆಯ ಅಕ್ಕೋರು ಕಲಿಸಲು ಬಂದರು. ಝಂಡಾ ಏರಿಸುವ ದಿನ ಹಾಡು ಹೇಳುವ ಹುಡುಗಿಯರೆಲ್ಲ ಎರಡು ಹೆರಳು ಹಾಕಿ, ಮಡಚಿ ಕಿವಿಯ ಮೇಲೆ ಕೆಂಪು ರಿಬ್ಬನ್ನಿನಿಂದ ಕಟ್ಟಿಕೊಂಡು ಬರಬೇಕೆಂದರು. ನಮಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಒಂದೇ ಹೆರಳು, ತುದಿಗೆ ಕರಿ ನೂಲಿನ ಗೊಂಡೆ. ನಾನು ಮನೆಗೆ ಬಂದು ಕೇಳಿದೆ. "ರಿಬ್ಬನ್ ಕಟ್ಟೋರು ನಾಟಕದ ಮಂದಿ," ಅಂದ ಅಪ್ಪ, ಅಷ್ಟಕ್ಕೇ ಮಾತು ಮುಗಿಯಿತು. ಅತ್ತೆಯನ್ನು ಕೇಳಿದ್ದರೆ ಅಪ್ಪನನ್ನು ಒಪ್ಪಿಸುತ್ತಿದ್ದಳೋ ಏನೋ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ನಾನು ಯಾರನ್ನೂ ಕೇಳುವವಳಲ್ಲ, ಈಗಲೂ ಅಷ್ಟೆ.

ಝಂಡಾ ದಿನಕ್ಕೆ ಇನ್ನು ಒಂದೇ ದಿನ ಉಳಿದಾಗ ಕೂದಲು ಕೊಳ್ಳುವವಳು ನಮ್ಮ ಓಣಿಗೆ ಬಂದಳು. ವಾಡಿಯಿಂದ ರೈಲಿನಲ್ಲಿ ಬಂದು, ಕೂದಲು ತೆಗೆದುಕೊಂಡು ಸೂಜಿ, ಪಿನ್ನು, ಮಣಿ ಕೊಟ್ಟು ಹೋಗುವ ಹೆಂಗಸು. ಅವಳ ಬುಟ್ಟಿಯಲ್ಲಿ ಅವತ್ತು ಎರಡು ಕೆಂಪು ರಿಬ್ಬನ್ನು ಸುರುಳಿ ಸುತ್ತಿಕೊಂಡು ಕೂತಿದ್ದವು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾನು ನನ್ನ ಬಿಳಿ ಚೀಲ ತಂದು ಅವಳ ಮುಂದೆ ಸುರಿದೆ.

"ಇಷ್ಟಾ? ಇದಕ್ಕ ಎರಡ ಸೂಜಿ ಬರ್ತಾವ ತಂಗಿ," ಅಂದಳು. "ರಿಬ್ಬನ್ ಬೇಕಂದ್ರ ಉದ್ದನ ಕೂದಲ ಬೇಕು."

ಉದ್ದನ ಕೂದಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಯಾರದು ಎಂದೂ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಜೋಳದ ಚೀಲ ಹತ್ತಿ ಕೆಂಪು ಚೀಲ ಇಳಿಸಿದೆ. ಒಂದು ಹಿಡಿ ಕೊಟ್ಟರೆ ಯಾರಿಗೂ ತಿಳಿಯಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ್ದೆ. ಬಾಯಿ ಬಿಚ್ಚಿ ನೋಡಿದರೆ ಅವ್ವನ ಕೂದಲು ಸ್ವಲ್ಪ ಕೆಂಚು, ಸ್ವಲ್ಪ ಗುಂಗುರು. ಆ ಹೆಂಗಸು ಒಳಗೆ ಕೈ ಹಾಕಿ ಅಷ್ಟನ್ನೂ ಎತ್ತಿಕೊಂಡಳು.

"ಒಂದ ಹಿಡಿ ಸಾಕಲ್ಲ," ಅಂದೆ.

"ಒಂದ ಹಿಡಿಗಿ ಒಂದ ರಿಬ್ಬನ್. ಒಂದ ಕಟಗೊಂಡು ಒಂಟಿ ಕೊಂಬಿನ ಎಮ್ಮಿ ಹಂಗ ಹೋಗ್ತೀ ಏನು ಸಾಲಿಗಿ?"

ನನಗೆ ನಗು ಬಂತು. ನಕ್ಕೆ. ಅವಳು ಚೀಲ ಖಾಲಿ ಮಾಡಿ ಕೈಗಿತ್ತು, ರಿಬ್ಬನ್ನು ಕೊಟ್ಟು ಹೋದಳು. ಎಷ್ಟೋ ಸಲ ಅನಿಸಿದೆ, ಆ ನಗುವೊಂದು ಬಾರದಿದ್ದರೆ ನಾನು ನನ್ನನ್ನು ಇಷ್ಟು ಬೈದುಕೊಳ್ಳುತ್ತಿರಲಿಲ್ಲ. ಕೌದಿಗೆಂದು ಇಟ್ಟಿದ್ದ ಹತ್ತಿಯನ್ನು ಕೆಂಪು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಇದ್ದಲ್ಲೇ ಇಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಹೊರಟ ಮೇಲೆ ರಿಬ್ಬನ್ನುಗಳನ್ನು ಕಲ್ಲಿನ ಮೇಲೆ ಇಟ್ಟು ಅತ್ತೆಗೆ ಬೆನ್ನು ಮಾಡಿ ಕೂತೆ. ಹಣಿಗೆ ನೆತ್ತಿಯಲ್ಲಿ ನಿಂತಿತು. ಎಲ್ಲಿಂದ ಬಂದವು ಎಂದು ಕೇಳಿಯಾಳು ಎಂದು ನಾನು ಉಸಿರು ಹಿಡಿದಿದ್ದೆ. ಅವಳು ಎದ್ದು ಒಳಗೆ ಹೋದಳು. ಬರಲು ಸ್ವಲ್ಪ ಹೊತ್ತಾಯಿತು. ಬಂದವಳು ಮತ್ತೆ ಕೂತು, ಬೈತಲೆ ತೆಗೆದು, ಎರಡು ಹೆರಳು ಹಾಕಿ, ರಿಬ್ಬನ್ನನ್ನು ಹೂವಿನಂತೆ ಅರಳಿಸಿ ಕಟ್ಟಿದಳು. ಆ ಕಟ್ಟನ್ನು ಅವಳಿಗೆ ಯಾರು ಕಲಿಸಿದ್ದರೋ.

"ಚಂದ ಕಾಣತಿ. ಹೋಗು," ಅಂದಳು.

ಝಂಡಾ ಕಟ್ಟೆಯ ಮುಂದೆ ಅಕ್ಕೋರು ನನ್ನನ್ನು ಮುಂದಿನ ಸಾಲಿಗೆ ಎಳೆದು ನಿಲ್ಲಿಸಿದರು. ಅವತ್ತಿನಷ್ಟು ಖುಷಿ ನನಗೆ ಆಮೇಲೆ ಯಾವ ಶೃಂಗಾರದಲ್ಲೂ ಆಗಿಲ್ಲ, ಇದನ್ನೂ ಹೇಳಬೇಕು. ಮನೆಗೆ ಬಂದರೆ ಬಾಗಿಲಿಗೆ ಚಿಲಕ. ಅತ್ತೆ ಚಿತ್ತಾಪುರದಲ್ಲಿ ಗಂಡನ ಮನೆಯವರನ್ನು ನೋಡಿ ಬರುತ್ತೇನೆಂದು ರೈಲು ಹತ್ತಿದ್ದಳಂತೆ. ಸಂಜೆ ಬಂದಾಗ ಅವಳ ಕಾಲು ಮೊಣಕಾಲಿನವರೆಗೆ ಧೂಳಾಗಿತ್ತು. ರಿಬ್ಬನ್ನುಗಳು ಎರಡೇ ಒಗೆತಕ್ಕೆ ಬಣ್ಣ ಬಿಟ್ಟು ನನ್ನ ಕುತ್ತಿಗೆಯನ್ನೆಲ್ಲ ಕೆಂಪು ಮಾಡಿ ಹೋದವು. ಕೆಂಪು ಚೀಲ ಮಾತ್ರ ಗೂಡಿನಲ್ಲಿ ಉಬ್ಬಿಕೊಂಡು ಆರು ವರ್ಷ ಕೂತಿತು. ಅತ್ತೆಗೆ ಏನೂ ತಿಳಿದಿಲ್ಲ ಎಂದು ನಾನು ಆರು ವರ್ಷ ನಂಬಿಕೊಂಡೆ.

ಹದಿನೈದಕ್ಕೆ ನನಗೆ ವಿಷಮಜ್ವರ ಬಂತು. ಎದ್ದಾಗ ತಲೆಯ ಅರ್ಧ ಕೂದಲು ದಿಂಬಿನ ಮೇಲಿತ್ತು. ಅದರ ಮರುವರ್ಷ, ಹೈದರಾಬಾದ ರಾಜ್ಯ ಒಡೆದು ನಾವೆಲ್ಲ ಮೈಸೂರಿಗೆ ಸೇರುತ್ತೇವೆಂದು ಅಪ್ಪನ ಕಚೇರಿಯಲ್ಲಿ ದಿನವಿಡೀ ಅದೇ ಮಾತಿದ್ದಾಗ, ಶಹಾಬಾದದಿಂದ ನನ್ನನ್ನು ನೋಡಲು ಬಂದರು. ಕಲ್ಲು ಕೊಯ್ದು ಪಾಲಿಶ್ ಮಾಡಿಸುವ ಮನೆತನ. ಆಗಿನ ಪದ್ಧತಿಯಂತೆ ಹುಡುಗನ ತಾಯಿ ನನ್ನ ಹಿಂದೆ ಬಂದು ಕೂತು, ಗೊಂಡೆ ಬಿಚ್ಚಿ ಹೆರಳನ್ನು ಕೈಯಲ್ಲಿ ಹಿಡಿದು ನೋಡಿದರು. ಹಿಡಿದದ್ದು ಬೆರಳು ಗಾತ್ರವೂ ಇರಲಿಲ್ಲ. ಅವರ ಮುಖ ಸಣ್ಣಗಾಯಿತು.

"ಬ್ಯಾನಿ ಬಿದ್ದಿದ್ಲರಿ, ಬೆಳೀತಾವ," ಅಂದಳು ದೊಡ್ಡವ್ವ. "ಅಕಿ ಹಡದವ್ವನ ಕೂದಲ ತಗದಿಟ್ಟೀವಿ. ಮದಿವಿ ದಿನ ಆ ಚವರಿ ಹಾಕಿದ ಮ್ಯಾಲ ನೋಡ್ರಿ."

ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮದುವೆಗೆ ಹದಿನೈದು ದಿನ ಇರುವಾಗ ಅವಳು ಕೆಂಪು ಚೀಲ ಇಳಿಸಿ ಕಂಕುಳಲ್ಲಿ ಹಿಡಿದು, ಚವರಿ ಕಟ್ಟಿಸಿಕೊಂಡು ಬರುತ್ತೇನೆಂದು ಪಕ್ಕದ ಖಾಲಾ ಮನೆಗೆ ಹೋದಳು. ಈಗ ಬಿಚ್ಚುತ್ತಾಳೆ, ಈಗ ಬಂದು ನನ್ನ ಕೆನ್ನೆಗೆ ಹೊಡೆಯುತ್ತಾಳೆ ಎಂದು ನಾನು ಒಲೆಯ ಮುಂದೆ ಕೂತು ಬೆವತೆ. ಬಿಸಿಲು ಇಳಿಯುವ ಹೊತ್ತಿಗೆ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯ ಸುರುಳಿ.

"ನಿಮ್ಮವ್ವಂದು," ಅಂದು ನನ್ನ ತೊಡೆಯ ಮೇಲಿಟ್ಟಳು.

ಬಿಚ್ಚಿದೆ. ಉದ್ದದ ಚವರಿ. ಕರ್ರಗೆ, ನೆಟ್ಟಗೆ. ಉದುರಿದ ಕೂದಲಿನಿಂದ ಕಟ್ಟಿದ ಚವರಿ ಎಷ್ಟು ಬಾಚಿದರೂ ಒರಟು. ಇದು ಬುಡದಿಂದ ತುದಿಯವರೆಗೆ ಒಂದೇ ಹರಿವಾಗಿ ಕೈಯಿಂದ ಜಾರುತ್ತಿತ್ತು. ಮೆಂತ್ಯದ ಎಣ್ಣೆಯ ವಾಸನೆ ಬಂತು. ತಲೆ ಎತ್ತಿ ಅತ್ತೆಯನ್ನು ನೋಡಿದೆ. ಸೆರಗನ್ನು ಎಂದಿಗಿಂತ ಬಿಗಿಯಾಗಿ ಎಳೆದು ಕಿವಿಯ ಹಿಂದೆ ಸಿಗಿಸಿದ್ದಳು. ಸೆರಗಿನ ಕೆಳಗೆ ಗಂಟಿನ ಉಬ್ಬು ಇರಲಿಲ್ಲ.

ನನಗೆ ತಿಳಿಯಿತು. ಅವಳಿಗೆ ನನ್ನ ವಿಷಯ ಎಷ್ಟು ತಿಳಿದಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಗಂಡ ಸತ್ತವಳ ಕೂದಲು ಮದುವಣಗಿತ್ತಿಯ ಹೆರಳಿನಲ್ಲಿ ಇದೆಯೆಂದು ಗೊತ್ತಾದರೆ ದೊಡ್ಡವ್ವ ಅದನ್ನು ಕಿತ್ತು ಒಲೆಗೆ ಹಾಕುತ್ತಾಳೆ. ಹಾಗಾದರೆ ಅವ್ವನ ಕೂದಲು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಾನು ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಚವರಿಯನ್ನು ಸುತ್ತಿ ಪೆಟ್ಟಿಗೆಗೆ ಹಾಕಿದೆ. ಆ ಸಂಜೆ ಅಪ್ಪ ಕಚೇರಿಯಿಂದ ಬಂದು ಅದನ್ನು ಒಮ್ಮೆ ತೆಗೆಸಿ ನೋಡಿದ. ಅಂಗೈ ಮೇಲೆ ಹಾಕಿಕೊಂಡು, "ಥೇಟ್ ಅಕಿಂದೇ," ಅಂದ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಮದುವೆಯ ಬೆಳಿಗ್ಗೆ ಮುತ್ತೈದೆಯರು ನನ್ನನ್ನು ಮಣೆಯ ಮೇಲೆ ಕೂಡ್ರಿಸಿ ಹೆರಳು ಹೆಣೆಯುತ್ತಿದ್ದರು. ಚವರಿ ಸೇರಿ ಹೆರಳು ಮಣೆ ಮುಟ್ಟಿತ್ತು. ಶಹಾಬಾದದ ಬೀಗಿತ್ತಿಯರು ನೋಡಿ ತಲೆದೂಗಿದರು. ಅತ್ತೆ ನನ್ನ ತಲೆ ಮುಟ್ಟುವಂತಿಲ್ಲವಲ್ಲ, ಬಿಸಿನೀರಿನ ಕೊಡ ಹೊತ್ತು ಹಿತ್ತಲ ಬಾಗಿಲು ದಾಟುತ್ತಿದ್ದಳು. ಬಾಗಿಲ ಮೊಳೆಗೆ ಸೆರಗು ಸಿಕ್ಕಿತು. ಎರಡೂ ಕೈ ಕೊಡದ ಮೇಲೆ. ಸೆರಗು ಜಾರಿ ಹೆಗಲಿಗೆ ಬಿತ್ತು.

ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು. ಮನೆ ತುಂಬ ಜನ ನೋಡಿದರು.

"ಇದೇನ ಮಾಡ್ಕೊಂಡಿ?" ಅಂದಳು ದೊಡ್ಡವ್ವ. "ನಮ್ಮೊಳಗ ಇದು ಅದ ಏನು? ಬೀಗರ ಮುಂದ ಯಾವ ಮಾರಿ ತೋರಸಬೇಕು ನಾವು?"

ಅತ್ತೆ ಕೊಡ ಇಳಿಸಿ ಸೆರಗು ಹೊದ್ದುಕೊಂಡಳು. "ಹರಕಿ ಇತ್ತರಿ ವೈನಿ."

"ಯಾವ ದೇವರಿಗಿ? ನಮ್ಮ ಮನಿತನದಾಗ ಯಾರು ಕೂದಲ ಕೊಟ್ಟಾರ?"

ಅತ್ತೆ ಮತ್ತೆ ಕೊಡಕ್ಕೆ ಕೈ ಹಾಕಿದಳು. ಗದ್ದಲ ಕೇಳಿ ಅಪ್ಪ ಬಂದ. ತಂಗಿಯ ಮುಖ ನೋಡದೆ, "ಅಕ್ಕಿಕಾಳು ಬೀಳೂತನ ನೀ ಒಳಗ ಕುಂದ್ರು," ಅಂದ. ಅವಳು ಕಾಳಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹನ್ನೆರಡು ವರ್ಷ ನನ್ನ ತಲೆ ಹಿಕ್ಕಿದವಳು ನನ್ನ ಮದುವೆ ನೋಡಲಿಲ್ಲ. ಅವಳ ಕೂದಲು ನನ್ನ ಬೆನ್ನ ಮೇಲೆ ಕುಳಿತು ಅಕ್ಷತೆ ಹಾಕಿಸಿಕೊಂಡಿತು.

ನಾನು ಬಾಯಿ ಬಿಡಬಹುದಿತ್ತು. ಬಾಯಿ ಬಿಟ್ಟಿದ್ದರೆ ಅತ್ತೆ ಮಾಡಿದ್ದೆಲ್ಲ ವ್ಯರ್ಥವಾಗುತ್ತಿತ್ತು, ಅದಕ್ಕೇ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಹೆದರಿದ್ದೆ, ಅಷ್ಟೆ.

ಶಹಾಬಾದದಲ್ಲಿ ಚವರಿಯ ಕಾಲ ಮುಗಿಯುತ್ತ ಬಂದಿತ್ತು. ಸಿಮೆಂಟ್ ಕಾರ್ಖಾನೆಯ ಸಾಹೇಬರ ಹೆಂಡತಿಯರು ಕುತ್ತಿಗೆಯ ಮೇಲೆ ಸಡಿಲವಾದ ತುರುಬು ಕಟ್ಟಿ ಸಂಜೆ ಸ್ಟೇಷನ್ನಿನ ಕಡೆ ತಿರುಗಾಡುತ್ತಿದ್ದರು. ನನ್ನ ನಾದಿನಿಯರೂ ಅದನ್ನೇ ಕಲಿತರು. ಹೊಸ ಮನೆಯಲ್ಲಿ ಹಳ್ಳಿಯವಳೆನ್ನಿಸಿಕೊಳ್ಳಬಾರದೆಂದು ನಾನೂ ಕಲಿತೆ. ಇದ್ದಷ್ಟು ಕೂದಲಿಗೆ ಆ ತುರುಬು ಸಾಕಾಗುತ್ತಿತ್ತು. ಎರಡು ತಿಂಗಳಲ್ಲಿ ಚವರಿ ಟ್ರಂಕಿನ ತಳ ಸೇರಿತು.

ಪಂಚಮಿಗೆ ತವರಿಗೆ ಬಂದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ, ಈ ಸಲ ಹೇಳಿಯೇಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಮರುದಿನ ಬೆಳಿಗ್ಗೆ ಅತ್ತೆ ಹಳೆಯ ಕಲ್ಲಿನ ಮೇಲೆ ನನ್ನನ್ನು ಕೂಡ್ರಿಸಿಕೊಂಡಳು. ಅವಳಿಗೆ ಬೆನ್ನು ಮಾಡಿ ಕೂತದ್ದೇ ನನಗೆ ಧೈರ್ಯವಾಯಿತು.

"ಅತ್ತಿ, ಅವ್ವನ ಕೂದಲ ನಾ ರಿಬ್ಬನ್ನಿಗಿ ಕೊಟ್ಟೆ," ಅಂದೆ.

ಹಣಿಗೆ ನಿಲ್ಲಲಿಲ್ಲ. "ಗೊತ್ತದ," ಅಂದಳು. "ಆ ರಿಬ್ಬನ್ ನಾನೇ ಕಟ್ಟೀನಲ್ಲ. ಒಳಗ ಹೋಗಿ ಚೀಲ ಬಿಚ್ಚಿ ನೋಡಿದೆ. ಹತ್ತಿ ತುಂಬೂಮುಂದ ಬೀಜಾನೂ ತಗದಿದ್ದಿಲ್ಲ ನೀ."

ನಾನು ತಿರುಗಲು ಹೋದೆ. ನೆತ್ತಿಗೆ ಹಣಿಗೆಯಿಂದ ಮೆಲ್ಲಗೆ ಏಟು ಬಿತ್ತು.

"ಅವತ್ತ ವಾಡಿಗಿ ಹೋಗಿದ್ದೆ. ಸ್ಟೇಷನ್ ಹಿಂದಿನ ಓಣ್ಯಾಗ ಅಕಿನ್ನ ಹುಡಕಿದೆ. ಸಿಕ್ಕಳು. ಅಷ್ಟೊತ್ತಿಗಿ ಎಲ್ಲಾ ಊರಿನ ಕೂದಲ ಒಂದೇ ಗೋಣಿಚೀಲದಾಗ ಕೂಡಿಸಿ ತುಳದಿದ್ಲು. ಪಾಪ, ಅಕಿನೇ ಸುರುವಿ ಆರಿಸ್ಕೋ ಅಂದ್ಲು. ಮಧ್ಯಾನತನ ಕುಂತು ಆರಿಸಿದೆ. ಕೆಂಚನ್ನವು ನಾಕೈದು ಹೆಣ್ಮಕ್ಕಳವು ಇದ್ವು. ಯಾವುದು ನಿಮ್ಮವ್ವಂದು ಅಂತ ಹೇಳಲಿ?"

"ನನಗ ಯಾಕ ಕೇಳಲಿಲ್ಲ ನೀ? ಹೊಡೀಬೇಕಿತ್ತು."

"ಕೇಳಿದ್ರ ನೀ ಸುಳ್ಳ ಹೇಳ್ತಿದ್ದಿ. ತಾಯಿ ಇಲ್ಲದ ಕೂಸಿನ ಬಾಯಿಲೆ ಸುಳ್ಳ ಯಾಕ ಹೇಳಸಬೇಕು ಅಂತ ಸುಮ್ಮನಾದೆ," ಅಂದಳು. ಒಂದು ಸಿಕ್ಕು ಬಿಡಿಸುತ್ತ, "ನೀನಾಗೇ ಹೇಳ್ತಿ ಅಂತ ನೋಡ್ದೆ. ಭಾಳ ತಡ ಮಾಡಿದಿ, ಯವ್ವಾ," ಅಂದಳು.

ಅಷ್ಟೇ ಅಂದಳು. ಕಾಳಿನ ಕೋಣೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಎದ್ದು, ಬಿಚ್ಚಿದ ಕೂದಲನ್ನು ತುರುಬು ಕಟ್ಟಿಕೊಂಡು, ಅವಳ ಹಿಂದೆ ಹೋಗಿ ಕೂತೆ. "ಬಾ ಅತ್ತಿ, ನಿನ್ನ ತಲಿ ನಾ ಹಿಕ್ಕತೀನಿ," ಅಂದೆ. ಬೇಡವೆಂದಳು. ಆಮೇಲೆ ಸೆರಗು ತೆಗೆದಳು.

ಕೂದಲು ಕುತ್ತಿಗೆಯವರೆಗೆ ಬಂದಿತ್ತು, ನಡುನಡುವೆ ಬಿಳಿ. ನಾನು ಅವಳ ತಲೆ ಮುಟ್ಟಿದ್ದು ಅದೇ ಮೊದಲು. ಎಣ್ಣೆ ಹಚ್ಚಿ, ಹಿಕ್ಕಿ, ಮೂರು ಕಾಲು ಮಾಡಿ ಹೆಣೆಯಲು ನೋಡಿದೆ. ಎರಡು ಸುತ್ತು ಹೆಣೆಯುವಷ್ಟರಲ್ಲಿ ಬಿಚ್ಚಿಕೊಂಡಿತು. ಮತ್ತೆ ಹೆಣೆದೆ, ಮತ್ತೆ ಬಿಚ್ಚಿಕೊಂಡಿತು. ಹಣಿಗೆಯಲ್ಲಿ ನಾಲ್ಕಾರು ಎಳೆ ಉಳಿದಿದ್ದವು. ಅವನ್ನು ಬಿಡಿಸಿ ಬೆರಳಿಗೆ ಸುತ್ತತೊಡಗಿದೆ.

"ಅವೇನ ಇಡ್ತಿ, ಒಗಿ," ಅಂದಳು. "ನನ್ನ ಕೂದಲ ಯಾರಿಗಿ ಬೇಕಾಗ್ಯಾವ?" ಆಮೇಲೆ ತಿರುಗಿ ನನ್ನ ತುರುಬಿನ ಕಡೆ ನೋಡಿ ಕೇಳಿದಳು, "ಚವರಿ ಹಾಕ್ಕೋತಿ ಇಲ್ಲೋ?"

ದಿನಾ ಹಾಕಿಕೊಳ್ಳುತ್ತೇನೆ ಎಂದೆ.